ಮಳೆ ನಿಂತ ಮೇಲೆ ಮಾತಾಡದ ಪೆಟ್ಟಿಗೆ

ಬೇಸಿಗೆ ಮಳೆಯ ಒಂದು ಸಂಜೆ ಸಾಕು, ಬೆಳಗಾಗುವಷ್ಟರಲ್ಲಿ ಅಂಗಡಿಯ ಕಂಪ್ಯೂಟರು ಕಲ್ಲಿನ ಹಾಗೆ ಕೂತಿರುತ್ತದೆ. ಗುಜರಿಗೆ ಹಾಕುವ ಮುನ್ನ ಗೋಡೆಯಿಂದ ಒಳಕ್ಕೆ ಹುಡುಕುತ್ತ ಬನ್ನಿ. ಸತ್ತಿರುವುದು ಬಹುಪಾಲು ಒಂದೇ ಒಂದು ಭಾಗ. ಅದೂ ಉಳಿದದ್ದನ್ನು ಉಳಿಸಲು ಹೋಗಿ ಸತ್ತದ್ದು!

ಮೇ ತಿಂಗಳ ಮೊದಲ ವಾರ, ಸಂಜೆ ಐದೂವರೆ. ಚಿಂತಾಮಣಿ ಬಳಿಯ ಮುರುಗಮಲ್ಲದ ದರ್ಗಾ ರಸ್ತೆಯಲ್ಲಿ ಹೂವು, ಅಗರಬತ್ತಿ ಮಾರುವವರು ಒಬ್ಬರ ಹಿಂದೊಬ್ಬರು ಟಾರ್ಪಾಲು ಎಳೆದುಕೊಳ್ಳತೊಡಗಿದರು. ಪೂರ್ವಕ್ಕೆ, ಆಂಧ್ರದ ಗಡಿಯ ಕಡೆ, ಮೋಡ ಸುಟ್ಟ ಹೆಂಚಿನ ಹಾಗೆ ಕಪ್ಪಾಗಿತ್ತು. ಮೊದಲು ಬಂದದ್ದು ಮಳೆಯಲ್ಲ, ಕೆಂಧೂಳು. ಅದರ ಬೆನ್ನಿಗೇ ಗಾಳಿ.

ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ಬಂದಿದ್ದ ಎರಡು ಕುಟುಂಬದವರು ಮಕ್ಕಳನ್ನು ಎತ್ತಿಕೊಂಡು ನನ್ನ ತಂಗಿಯ ಅಂಗಡಿಯ ಜಗಲಿ ಹತ್ತಿದರು. ಜೆರಾಕ್ಸ್, ಟೈಪಿಂಗ್, ಆನ್‌ಲೈನ್ ಅರ್ಜಿ: ಇಷ್ಟೇ ಆ ಅಂಗಡಿ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಗೋಡೆಯ ಗೂಡಿನಲ್ಲಿ ದೇವರ ಪಟ, ಅದರ ಮುಂದೆ ಕೆಂಪು ಜೀರೋ ಬಲ್ಬು.

ಕರೆಂಟು ಹೋಯಿತು. ಅರ್ಧ ಗಂಟೆಯ ಮೇಲೆ ಬಂತು. ಬಂದ ಕ್ಷಣದಲ್ಲೇ ಒಂದು ವಿಚಿತ್ರ ನಡೆಯಿತು. ಆ ಜೀರೋ ಬಲ್ಬು ಕೆಂಪು ಮರೆತು ಹೆಚ್ಚುಕಡಿಮೆ ಬಿಳಿಯಾಗಿ ಉರಿಯಿತು. ತಲೆಯ ಮೇಲಿನ ಫ್ಯಾನು ನಾನೆಂದೂ ಕೇಳದ ಸದ್ದಿನಲ್ಲಿ ಗಿರಗಿರನೆ ತಿರುಗಿತು. ಮೂಲೆಯಲ್ಲೆಲ್ಲೋ ‘ಟಪ್’ ಅಂದಿತು. ಮತ್ತೆ ಕತ್ತಲು.

ಬೆಳಿಗ್ಗೆ ಕರೆಂಟು ಸರಿಯಾಗಿತ್ತು. ಫ್ಯಾನು ತಿರುಗಿತು, ಪ್ರಿಂಟರಿನ ದೀಪ ಹತ್ತಿತು. ಕಂಪ್ಯೂಟರಿನ ಬಟನ್ ಒತ್ತಿದರೆ ಏನೂ ಇಲ್ಲ. ದೀಪವಿಲ್ಲ, ಬೀಪ್ ಇಲ್ಲ.

“ನಾನು ಸಂಜೆಯೇ ಶಟ್‌ಡೌನ್ ಮಾಡಿದ್ದೆ ಕಣಣ್ಣ” ಎಂದಳು ತಂಗಿ. ಅವಳ ಕಣ್ಣು ಆಗಲೇ ತುಂಬಿತ್ತು. ಹೊರಗೆ ಬೆಂಚಿನ ಮೇಲೆ ಕಾಲೇಜು ಅರ್ಜಿ ಹಿಡಿದು ಮೂವರು ಹುಡುಗಿಯರು ಕಾಯುತ್ತಿದ್ದರು.

ಒಂದು ಪೆಟ್ಟಿಗೆ ನಿಂತರೆ

ನಗರದವರಿಗೆ ಕಂಪ್ಯೂಟರು ಕೆಟ್ಟರೆ ಮೊಬೈಲಿದೆ, ಪಕ್ಕದವರ ಲ್ಯಾಪ್‌ಟಾಪಿದೆ. ಹಳ್ಳಿಯಲ್ಲಿ ಹಾಗಲ್ಲ. ‘ಭೂಮಿ’ ಯೋಜನೆ ಈ ಶತಮಾನದ ಆರಂಭದಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಮೇಲೆ ಕೈಬರಹದ ಪಹಣಿಯ ಕಾಲ ಮುಗಿಯಿತು. ಅಂದಿನಿಂದ ರೈತನ ಹೊಲವೂ ಒಂದು ಪರದೆಯ ಮೇಲೆಯೇ ಕಾಣಬೇಕು.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕೂಗಿ ನಡೆಯುತ್ತಿದ್ದ ಹರಾಜು ಇಂದು ಇ-ಹರಾಜಾಗಿದೆ. ಹಳ್ಳಿಯ ಹಾಲಿನ ಡೇರಿಗಳಲ್ಲಿ ಹಾಲಿನ ತೂಕ, ಫ್ಯಾಟು ಕಂಪ್ಯೂಟರಿಗೇ ಹೋಗುತ್ತವೆ. ಜಾತಿ ಪ್ರಮಾಣಪತ್ರ, ಪಿಂಚಣಿ, ವಿದ್ಯಾರ್ಥಿವೇತನ, ಎಲ್ಲಕ್ಕೂ ಅದೇ ದಾರಿ. ದರ್ಗಾ ರಸ್ತೆಯ ಒಂದು ಪೆಟ್ಟಿಗೆ ನಿಂತರೆ ಸುತ್ತಲಿನ ಹಳ್ಳಿಗಳ ಕೆಲಸ ಅವತ್ತಿಗೆ ನಿಂತ ಹಾಗೆ. ಮುರುಗಮಲ್ಲದಿಂದ ಚಿಂತಾಮಣಿಗೆ ಬಸ್ಸೇನೋ ಇದೆ. ಆದರೆ ಒಂದು ಅರ್ಜಿಗಾಗಿ ಬಸ್ಸು ಹತ್ತುವವರಿಗೆ ಅವತ್ತಿನ ಕೂಲಿ ಹೋಗುತ್ತದೆ.

ಆದ್ದರಿಂದಲೇ ನನಗೆ ಇದು ಬರಿಯ ಯಂತ್ರದ ವಿಷಯ ಅನ್ನಿಸುವುದಿಲ್ಲ.

ಭರಣಿ ಬರುವ ಹೊತ್ತು

ಅಶ್ವಿನಿ, ಭರಣಿ, ಕೃತ್ತಿಕೆ: ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗಿನ ಈ ಮಳೆಗಳು ಬಯಲುಸೀಮೆಗೆ ಬೇಕೇ ಬೇಕು. ‘ಭರಣಿ ಮಳೆ, ಧರಣಿ ಬೆಳೆ’ ಎಂಬ ಗಾದೆ ಹುಟ್ಟಿದ್ದು ಸುಮ್ಮನಲ್ಲ. ಆದರೆ ಈ ಮಳೆ ಮುಂಗಾರಿನಂತೆ ಮೆತ್ತಗೆ ಬರುವುದಿಲ್ಲ. ಹಗಲೆಲ್ಲ ಕಾದ ನೆಲದಿಂದ ಬಿಸಿ ಗಾಳಿ ಮೇಲೇಳುತ್ತದೆ, ತೇವ ಸಿಕ್ಕ ಕೂಡಲೇ ಮುಗಿಲೆತ್ತರದ ಮೋಡ ಕಟ್ಟುತ್ತದೆ. ಆ ಮೋಡದ ಒಳಗೆ ಮಂಜಿನ ಹರಳು, ಆಲಿಕಲ್ಲು ಒಂದಕ್ಕೊಂದು ತಿಕ್ಕಾಡಿ ವಿದ್ಯುತ್ತು ಬೇರ್ಪಡುತ್ತದೆ. ಸಂಜೆ ಸಿಡಿಯುತ್ತದೆ.

ಮನೆಯ ಮೇಲೇ ಸಿಡಿಲು ಬಿದ್ದು ಕಂಪ್ಯೂಟರು ಹೋಗುವುದು ಅಪರೂಪ. ಅಷ್ಟು ನೇರವಾಗಿ ಬಿದ್ದರೆ ಯಾವ ಸಾಧನವೂ ತಡೆಯುವುದಿಲ್ಲ. ಹೆಚ್ಚಿನ ಸಲ ಹೊಡೆತ ತಂತಿಯ ದಾರಿ ಹಿಡಿದು ಬರುತ್ತದೆ. ದೂರದ ಹೊಲದಲ್ಲಿ ಬಿದ್ದ ಸಿಡಿಲು ಪಕ್ಕದ ಲೈನಿನಲ್ಲಿ ವೋಲ್ಟೇಜಿನ ಅಲೆ ಎಬ್ಬಿಸುತ್ತದೆ. ಆ ಅಲೆ ಕಂಬದಿಂದ ಕಂಬಕ್ಕೆ ಓಡಿ ಮನೆ ಹೊಗುತ್ತದೆ. ಹೋದ ಕರೆಂಟು ಮರಳಿ ಬರುವ ಕ್ಷಣದಲ್ಲೂ ಒಂದು ಝಟಕಾ ಇರುತ್ತದೆ.

ಈ ಭಾಗಕ್ಕೆ ತಂತಿಯ ನಂಟು ಬಹಳ ಹಳೆಯದು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲೇ ಸುಮಾರು 147 ಕಿ.ಮೀ. ಉದ್ದದ ಲೈನು ಎಳೆದಿದ್ದರು. 2007ರವರೆಗೂ ಚಿಂತಾಮಣಿ ಇದ್ದದ್ದು ಆ ಕೋಲಾರ ಜಿಲ್ಲೆಯಲ್ಲಿಯೇ. ನೂರಿಪ್ಪತ್ತು ವರ್ಷ ದಾಟಿದರೂ ನಮ್ಮ ಹಳ್ಳಿಗಳಲ್ಲಿ ತಂತಿ ಇನ್ನೂ ಬಯಲಿನಲ್ಲೇ, ಹೊಂಗೆ, ಹುಣಸೆ ಕೊಂಬೆಗಳ ನಡುವೆಯೇ ತೂಗುತ್ತಿದೆ.

> ಮಿಂಚಿನ ಲೆಕ್ಕ
> ಒಂದು ಸಾಮಾನ್ಯ ಮಿಂಚಿನಲ್ಲಿ ಹರಿಯುವ ಕರೆಂಟು ಸುಮಾರು 30,000 ಆಂಪಿಯರ್. ಮನೆಯ ಸಾಮಾನ್ಯ ಪ್ಲಗ್ ತಾಳುವುದು 6 ಆಂಪಿಯರ್.
> ಅದರ ಹಾದಿಯ ಗಾಳಿ ಸೂರ್ಯನ ಮೇಲ್ಮೈಗಿಂತ ಸುಮಾರು 5 ಪಟ್ಟು ಬಿಸಿಯಾಗುತ್ತದೆ.
> ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. 3 ಸೆಕೆಂಡಿಗೆ 1 ಕಿ.ಮೀ. 30 ಸೆಕೆಂಡಿನ ಒಳಗೆ ಗುಡುಗಿದರೆ ಬಯಲು ಬಿಟ್ಟು ಪಕ್ಕಾ ಕಟ್ಟಡದೊಳಗೆ ಹೋಗಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ.
> ದೇಶದಲ್ಲಿ ಸಿಡಿಲಿಗೆ ವರ್ಷಕ್ಕೆ 2,500ಕ್ಕೂ ಹೆಚ್ಚು ಜನ ಬಲಿಯಾಗುತ್ತಿದ್ದಾರೆ. ಯಂತ್ರದ ಚಿಂತೆ ಆಮೇಲೆ.

ಬಟನ್‌ಗಿಂತ ಮೊದಲು ಗೋಡೆ

ನಾವಿಬ್ಬರೂ ಗೋಡೆಯಿಂದ ಶುರು ಮಾಡಿದೆವು. ಇದೊಂದು ಕ್ರಮ ಇಟ್ಟುಕೊಂಡರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ: ಕರೆಂಟು ಬರುವ ದಾರಿಯಲ್ಲೇ ನಾವೂ ನಡೆಯುವುದು.

ಪ್ಲಗ್ಗಿನಲ್ಲಿ ಕರೆಂಟಿದೆಯೇ? ಅದೇ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿದೆವು, ಇತ್ತು. ಸ್ಪೈಕ್ ಬಸ್ಟರಿನ ಕೆಂಪು ದೀಪ? ಆರಿತ್ತು. ಅದನ್ನು ಬಿಟ್ಟು ಕಂಪ್ಯೂಟರಿನ ಕೇಬಲ್ಲನ್ನು ನೇರವಾಗಿ ಗೋಡೆಗೆ ಹಾಕಿದೆವು. ಆಗಲೂ ಇಲ್ಲ. ಕೇಬಲ್ ಬದಲಿಸಿದೆವು. ಮಾನಿಟರಿನ ಕೇಬಲ್ಲೂ ಇದಕ್ಕೇ ಹೊಂದುತ್ತದೆ. ಊಹೂಂ. ಪೆಟ್ಟಿಗೆಯ ಹಿಂದೆ ಇರುವ ಪುಟ್ಟ ಸ್ವಿಚ್ಚು ಆನ್ ಇತ್ತು.

ಮುಂದಿನದು ಬಹಳ ಜನ ಬಿಟ್ಟುಬಿಡುವ ಹೆಜ್ಜೆ. ಎಷ್ಟೋ ಸಲ ಝಟಕಾ ತಿಂದ ಎಸ್‌ಎಂಪಿಎಸ್ (ಪೆಟ್ಟಿಗೆಯೊಳಗೆ ಕರೆಂಟು ಹಂಚುವ ಡಬ್ಬಿ) ಸುಟ್ಟಿರುವುದೇ ಇಲ್ಲ. ತನ್ನನ್ನು ಕಾಪಾಡಿಕೊಳ್ಳಲು ಬಾಗಿಲು ಹಾಕಿಕೊಂಡಿರುತ್ತದೆ. ಕೇಬಲ್ ಪೂರ್ತಿ ಕಿತ್ತು, ಮುಂದಿನ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದರೆ ಒಳಗೆ ಉಳಿದ ಚಾರ್ಜ್ ಇಳಿಯುತ್ತದೆ. ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿದಾಗ ಏನೂ ಆಗಿಲ್ಲವೆಂಬಂತೆ ಎದ್ದು ಕೂತ ಕಂಪ್ಯೂಟರುಗಳನ್ನು ನಾನೇ ಕಂಡಿದ್ದೇನೆ. ಯುಎಸ್‌ಬಿಗೆ ಸಿಕ್ಕಿಸಿದ್ದನ್ನೆಲ್ಲ, ಪ್ರಿಂಟರ್ ಕೇಬಲ್ ಸಹಿತ, ತೆಗೆದು ನೋಡುವುದೂ ಒಳ್ಳೆಯದು. ಸುಟ್ಟ ಪ್ರಿಂಟರೊಂದು ಇಡೀ ಪೆಟ್ಟಿಗೆಯನ್ನು ತಡೆದು ನಿಲ್ಲಿಸಬಲ್ಲದು.

ನಮ್ಮದು ಏಳಲಿಲ್ಲ. ತಂಗಿ ಹಿಂದಿನ ಜಾಲರಿಗೆ ಮೂಗು ಹಿಡಿದಳು. “ಅಣ್ಣ, ಕಮಟು ವಾಸನೆ.”

ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಎಸ್‌ಎಂಪಿಎಸ್ ಡಬ್ಬಿಯನ್ನು ಮನೆಯಲ್ಲಿ ಬಿಚ್ಚಬಾರದು. ಗೋಡೆಯ 230 ವೋಲ್ಟ್ ಅದರೊಳಗೆ ಸುಮಾರು 325 ವೋಲ್ಟ್ ಡಿಸಿ ಆಗಿ ದಪ್ಪ ಕೆಪಾಸಿಟರುಗಳಲ್ಲಿ ನಿಂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಅದು ಅಲ್ಲೇ ಇರುತ್ತದೆ.

ಚಿಂತಾಮಣಿಯ ಮೇಜು

‘ಸಿಪಿಯು’ವನ್ನು (ಊರಲ್ಲಿ ಇಡೀ ಪೆಟ್ಟಿಗೆಗೆ ಅದೇ ಹೆಸರು) ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂಗಿ ಬೈಕಿನ ಹಿಂದೆ ಕೂತಳು. ದಾರಿಯುದ್ದಕ್ಕೂ ಟೊಮೆಟೊ ತೋಟಗಳಲ್ಲಿ ಕೋಲುಗಳು ಮಲಗಿದ್ದವು. ಮಾವಿನಕಾಯಿ ರಸ್ತೆಯ ಮೇಲೆ ಉರುಳಿಬಿದ್ದಿತ್ತು. ಊರಾಚೆಯ ತಿರುವಿನಲ್ಲಿ ಲೈನ್‌ಮನ್ ಒಬ್ಬರು ಕಂಬದ ತುದಿಯಲ್ಲಿ ಕೂತು ಕಡಿದ ತಂತಿಯೊಂದನ್ನು ಬಿಗಿಯುತ್ತಿದ್ದರು. ಕೆಳಗೆ ಹೊಂಗೆಯ ಕೊಂಬೆ ಬಿದ್ದಿತ್ತು.

ರಿಪೇರಿ ಅಂಗಡಿಯ ಭಾಯ್ ಪೆಟ್ಟಿಗೆ ಮುಟ್ಟುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ. “ಅಕ್ಕ, ಹೋಗೋ ಮುಂಚೆ ಬಲ್ಬು ಜೋರಾಗಿ ಉರೀತಾ?”

ಜೀರೋ ಬಲ್ಬಿನ ಕತೆ ಹೇಳಿದೆವು. ಅವರು ತಲೆಯಾಡಿಸಿದರು. “ಹಂಗಾದ್ರೆ ಸಿಡಿಲಲ್ಲ. ನ್ಯೂಟ್ರಲ್ ಕಟ್ಟಾಗೈತೆ.”

ಪಕ್ಕ ಬಾಗಿಲು ತೆಗೆದು, ಮದರ್‌ಬೋರ್ಡಿನಿಂದ 24 ಪಿನ್ನಿನ ಅಗಲ ಕನೆಕ್ಟರ್ ಕಿತ್ತರು. ಒಂದು ತುಂಡು ತಂತಿಯಿಂದ ಹಸಿರು ವೈರನ್ನು ಕಪ್ಪು ವೈರಿಗೆ ಸೇರಿಸಿದರು. ಎಸ್‌ಎಂಪಿಎಸ್‌ಗೆ ‘ಏಳು’ ಎಂದು ಹೇಳುವ ಸಂಜ್ಞೆ ಅದು. ನಾವು ಬಟನ್ ಒತ್ತಿದಾಗ ಮದರ್‌ಬೋರ್ಡ್ ಮಾಡುವುದೂ ಅದನ್ನೇ. ಜೀವವಿದ್ದರೆ ಫ್ಯಾನು ತಿರುಗಬೇಕು. ತಿರುಗಲಿಲ್ಲ.

ಡಬ್ಬಿ ಬಿಚ್ಚಿ, ಕೆಪಾಸಿಟರಿನ ಚಾರ್ಜ್ ಇಳಿಸಿ, ಟಾರ್ಚ್ ಬಿಟ್ಟು ತೋರಿಸಿದರು. ಗಾಜಿನ ಫ್ಯೂಸಿನ ಒಳಗೋಡೆಗೆ ಕನ್ನಡಿಯ ಹಾಗೆ ಲೋಹ ಮೆತ್ತಿಕೊಂಡಿತ್ತು. ಅದರ ಪಕ್ಕದಲ್ಲೇ ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದಾದ ನೀಲಿ ಬಿಲ್ಲೆ. ನಡುವೆ ಸೀಳಿ, ಅಂಚಿಗೆ ಕರಿ ಹಿಡಿದಿತ್ತು.

ಆ ಬಿಲ್ಲೆಯೇ ಈ ಲೇಖನದ ನಾಯಕ. ಹೆಸರು ವೇರಿಸ್ಟರ್, ಅಂಗಡಿಯವರ ಬಾಯಲ್ಲಿ ಎಂಒವಿ. ಸತುವಿನ ಆಕ್ಸೈಡನ್ನು ಸುಟ್ಟು ಮಾಡಿದ್ದು. ವೋಲ್ಟೇಜು ಸರಿಯಿರುವಷ್ಟು ಕಾಲ ಅದು ಗೋಡೆಯ ಹಾಗೆ ಸುಮ್ಮನಿರುತ್ತದೆ. ಮಿತಿ ಮೀರಿದ ತಕ್ಷಣ ತೂಬಿನ ಹಾಗೆ ತೆರೆದು ಹೆಚ್ಚಾದ ಕರೆಂಟನ್ನು ತನ್ನ ಮೈಮೇಲೆ ಹರಿಸಿಕೊಳ್ಳುತ್ತದೆ. ಆ ಹರಿವಿಗೆ ಫ್ಯೂಸ್ ಸುಡುತ್ತದೆ, ದಾರಿ ಕಡಿಯುತ್ತದೆ. ಕೆಲವು ರೂಪಾಯಿಯ ಬಿಲ್ಲೆ ಒಡೆದುಕೊಂಡು ಸಾವಿರಾರು ರೂಪಾಯಿಯ ಬೋರ್ಡನ್ನೂ, ಹಾರ್ಡ್‌ಡಿಸ್ಕಿನಲ್ಲಿರುವ ಐದು ವರ್ಷದ ಕೆಲಸವನ್ನೂ ಉಳಿಸುತ್ತದೆ. ಅದನ್ನು ಕೈಯಲ್ಲಿ ಹಿಡಿದಾಗ ನನಗೆ ನಿಜಕ್ಕೂ ಗೌರವ ಮೂಡಿತು.

ಶಾಮಿಯಾನದ ಕಂಬ

ನ್ಯೂಟ್ರಲ್ ಕಡಿದರೆ ಮನೆಗೆ ಹೆಚ್ಚು ವೋಲ್ಟೇಜು ಬರುವುದು ಹೇಗೆ? ತಂತಿ ಕಡಿದರೆ ಕರೆಂಟು ನಿಲ್ಲಬೇಕಲ್ಲವೇ?

ಉರುಸಿನ ಶಾಮಿಯಾನದ ನಡುಗಂಬವನ್ನು ನೆನೆಯಿರಿ. ಮೂರು ದಿಕ್ಕಿನಿಂದ ಮೂರು ಹಗ್ಗ ಅದನ್ನು ಎಳೆಯುತ್ತಿವೆ. ಕಂಬದ ಬುಡ ನೆಲದಲ್ಲಿ ಭದ್ರವಾಗಿದ್ದರೆ ಯಾರು ಎಷ್ಟೇ ಎಳೆದರೂ ಅದು ನಡುವಿನಲ್ಲೇ ನಿಲ್ಲುತ್ತದೆ. ಬುಡ ಕಿತ್ತುಬಂದರೆ? ಜೋರಾಗಿ ಎಳೆಯುವವರ ಕಡೆಗೆ ವಾಲುತ್ತದೆ. ಅವರಿಗೂ ಕಂಬಕ್ಕೂ ದೂರ ಕಡಿಮೆ, ಉಳಿದಿಬ್ಬರಿಗೆ ದೂರ ಹೆಚ್ಚು.

ಆ ಮೂರು ಹಗ್ಗಗಳೇ ಟಿ.ಸಿ.ಯಿಂದ (ಊರಿನ ಟ್ರಾನ್ಸ್‌ಫಾರ್ಮರಿನಿಂದ) ಬರುವ ಮೂರು ಫೇಸ್. ಕಂಬವೇ ನ್ಯೂಟ್ರಲ್. ಕಂಬಕ್ಕೂ ಹಗ್ಗದ ತುದಿಗೂ ಇರುವ ದೂರವೇ ನಮ್ಮ ಮನೆಗೆ ಸಿಗುವ ವೋಲ್ಟೇಜು. ಹೆಚ್ಚು ಲೋಡ್ ಇರುವ ಫೇಸ್ ನ್ಯೂಟ್ರಲ್ಲನ್ನು ತನ್ನತ್ತ ಎಳೆದುಕೊಂಡು ಮಂಕಾಗುತ್ತದೆ. ಒಂದು ಫ್ಯಾನು, ಒಂದು ಜೀರೋ ಬಲ್ಬು ಉರಿಸಿಕೊಂಡಿರುವ ಮನೆಗೆ 230ರ ಬದಲು 300, 350, ಕೆಟ್ಟರೆ 400 ವೋಲ್ಟಿನ ಹತ್ತಿರಕ್ಕೆ ಬರುತ್ತದೆ. ಕಡಿಮೆ ಬಳಸುವವರಿಗೇ ಹೆಚ್ಚಿನ ಪೆಟ್ಟು. ಎಂಸಿಬಿ ಇದನ್ನು ತಡೆಯುವುದಿಲ್ಲ. ಅದು ನೋಡುವುದು ಆಂಪಿಯರ್ ಮಾತ್ರ, ವೋಲ್ಟೇಜನ್ನಲ್ಲ.

ಒಂದೇ ಬೀದಿಯಲ್ಲಿ ಕೆಲವು ಮನೆಯ ಟಿ.ವಿ. ಹೋಗಿ, ಇನ್ನು ಕೆಲವು ಮನೆಯಲ್ಲಿ ದೀಪ ಮಿಣುಕಿದ್ದರೆ ಆಕಾಶವನ್ನು ದೂರಬೇಡಿ. ಕರೆಂಟಿನ ಕಂಬ ನೋಡಿ. ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಸರಿಯಾಗುವವರೆಗೆ ಮೇನ್ ಆರಿಸಿಡಿ.

ಅದೇ ಮೇಜಿನ ಮೇಲೆ ಇನ್ನೊಂದು ಮದರ್‌ಬೋರ್ಡಿತ್ತು. ಇಂಟರ್‌ನೆಟ್ ಕೇಬಲ್ ಸಿಕ್ಕಿಸುವ ಜಾಗದ ಪಕ್ಕದ ಚಿಪ್ಪಿನಲ್ಲಿ ಸೂಜಿಮೊನೆಯಷ್ಟು ತೂತು, ಸುತ್ತ ಮಸಿ. “ಇದು ನೋಡಿ ಅಣ್ಣ, ನಿಜವಾದ ಸಿಡಿಲು” ಎಂದರು ಭಾಯ್. ಅದರ ಮಾಲೀಕರು ಪ್ಲಗ್ ಕಿತ್ತಿದ್ದರಂತೆ. ಕಂಬದಿಂದ ಕಂಬಕ್ಕೆ ಹಾದು ಬಂದ ನೆಟ್ ಕೇಬಲ್ ಕೀಳಲು ಮರೆತಿದ್ದರು.

ನಮ್ಮ ಪೆಟ್ಟಿಗೆಗೆ ಹೊಸ ಎಸ್‌ಎಂಪಿಎಸ್ ಕೂಡಿಸಿದರು. ಫ್ಯಾನು ತಿರುಗಿತು, ಆದರೆ ಪರದೆ ಕಪ್ಪಾಗೇ ಇತ್ತು. ತಂಗಿ ನನ್ನ ಮುಖ ನೋಡಿದಳು. ಭಾಯ್ ರ‍್ಯಾಮ್ ಪಟ್ಟಿ ತೆಗೆದು, ಅದರ ಬಂಗಾರದ ಹಲ್ಲುಗಳನ್ನು ಮಕ್ಕಳ ಅಳಿಸುವ ರಬ್ಬರಿನಿಂದ ನಾಲ್ಕು ಸಲ ಉಜ್ಜಿ, ಮತ್ತೆ ಒತ್ತಿದರು. ಬೀಪ್! ಬಿಲ್ಲು 850 ರೂಪಾಯಿ. ಅರ್ಜಿಗಳು, ಫೋಟೊಗಳು, ಲೆಕ್ಕದ ಪುಟಗಳು ಎಲ್ಲ ಇದ್ದಲ್ಲೇ ಇದ್ದವು.

> ಚಂದ್ರನ ಹಾದಿಯಲ್ಲೂ
> 1969ರ ನವೆಂಬರ್ 14. ಮಳೆಯಲ್ಲೇ ಹಾರಿದ ಅಪೊಲೊ 12ಕ್ಕೆ 36.5ನೇ ಸೆಕೆಂಡಿಗೆ ಒಮ್ಮೆ, 52ನೇ ಸೆಕೆಂಡಿಗೆ ಇನ್ನೊಮ್ಮೆ ಸಿಡಿಲು ಬಡಿಯಿತು. ವಿದ್ಯುತ್ ನೀಡುವ ಮೂರೂ ಫ್ಯೂಯೆಲ್ ಸೆಲ್ ಕಡಿದುಹೋದವು. ನೆಲಕ್ಕೆ ಬರುತ್ತಿದ್ದ ಮಾಹಿತಿ ಅರ್ಥವಿಲ್ಲದಂತಾಯಿತು.
> ನೆಲದ ಮೇಲಿದ್ದ ಇಂಜಿನಿಯರ್ ಜಾನ್ ಆರನ್ ಒಂದೇ ಒಂದು ಸ್ವಿಚ್ ಬದಲಿಸಲು ಹೇಳಿದರು. ಒಳಗಿದ್ದ ಅಲನ್ ಬೀನ್‌ಗೆ ಅದು ಎಲ್ಲಿದೆಯೆಂದು ನೆನಪಿತ್ತು. ಮಾಹಿತಿ ಮರಳಿತು, ಯಾನ ಮುಂದುವರಿಯಿತು, ಚಂದ್ರನ ಮೇಲೆ ಇಳಿಯಿತು.

ಒಣಗಿದ ನೆಲ

ಹೊರಡುವಾಗ ಭಾಯ್ ಇನ್ನೊಂದು ಮಾತು ಕೇಳಿದರು. “ಅರ್ಥಿಂಗ್ ಹೆಂಗೈತೆ ಅಕ್ಕ?”

ಮನೆಗೆ ಬಂದು ನೋಡಿದೆವು. ಅಂಗಡಿಯ ಹಿಂದೆ ಗೋಡೆಯ ಬುಡದಲ್ಲಿ ಒಂದು ಪೈಪಿನ ತಲೆ, ತುಕ್ಕು ಹಿಡಿದ ತಂತಿ, ಸುತ್ತ ಬಿರುಕು ಬಿಟ್ಟ ಮಣ್ಣು. ಹಿಂದಿನ ಸಂಜೆ ಅಷ್ಟು ಮಳೆ ಬಿದ್ದಿತ್ತು. ಸೂರಿನ ಕೆಳಗಿನ ಆ ಮಣ್ಣಿಗೆ ಒಂದು ಹನಿ ಸೇರಿರಲಿಲ್ಲ. ಬೆರಳಿನಿಂದ ಕೆದಕಿದರೆ ಹಿಟ್ಟಿನ ಹಾಗೆ ಉದುರಿತು.

ಸಿಡಿಲಿನ ಅಲೆಯನ್ನು ವೇರಿಸ್ಟರ್ ಹಿಡಿದು ನೆಲಕ್ಕೆ ಬಿಡಬೇಕು. ನೆಲ ಅದನ್ನು ಕುಡಿಯಬೇಕು. ಒಣ ಮಣ್ಣು ಕರೆಂಟನ್ನು ಸರಿಯಾಗಿ ಒಯ್ಯುವುದಿಲ್ಲ, ತೇವವೂ ಉಪ್ಪಿನಂಶವೂ ಬೇಕು. ಹಳಬರು ಅರ್ಥ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿ ಬೇಸಿಗೆಯಲ್ಲಿ ನೀರು ಸುರಿಯುತ್ತಿದ್ದುದು ಇದಕ್ಕೇ.

ನಮ್ಮ ಸೀಮೆಯ ಕಷ್ಟ ಇಲ್ಲಿಯೇ ಇದೆ. ಕಲ್ಲು ನೆಲ, ಸಾವಿರ ಅಡಿ ಕೊರೆದರೂ ನೀರು ಸಿಗದ ಕೊಳವೆಬಾವಿಗಳು. ಮಲೆನಾಡಿನಲ್ಲಿ ಅರ್ಥ್ ಗುಂಡಿಯನ್ನು ಮಳೆಯೇ ನೋಡಿಕೊಳ್ಳುತ್ತದೆ. ಇಲ್ಲಿ ನೆಲ ಅತ್ಯಂತ ಒಣಗಿರುವ ಏಪ್ರಿಲ್-ಮೇ ತಿಂಗಳಲ್ಲೇ ಗುಡುಗು ಅತ್ಯಂತ ಜೋರು. ಟಿ.ಸಿ. ಬುಡದ ಅರ್ಥಿಂಗಿಗೂ ಇದೇ ಗತಿ. ಬೇಸಿಗೆಗೆ ಮುಂಚೆ ಪಂಚಾಯಿತಿಗಳು ಟ್ಯಾಂಕರಿನಲ್ಲಿ ಕುಡಿಯುವ ನೀರಿನ ಏರ್ಪಾಟು ಮಾಡಿಕೊಳ್ಳುವ ಹಾಗೆ, ಟಿ.ಸಿ.ಗಳ ಬುಡಕ್ಕೂ ಒಂದು ಸುತ್ತು ನೀರು ಹಾಯಿಸುವ, ತಂತಿಯ ಮೇಲಿನ ಕೊಂಬೆ ಸವರುವ ಪದ್ಧತಿ ಬರಬೇಕೆಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಇದಕ್ಕೆ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ತಾರೀಖು ನೆನಪಿಡುವ ಒಬ್ಬರು.

> ಮೋಡ ಕಟ್ಟಿದಾಗ
> ಶಟ್‌ಡೌನ್ ಸಾಲದು. ಆರಿಸಿದ ಕಂಪ್ಯೂಟರಿನೊಳಗೂ 5 ವೋಲ್ಟಿನ ಒಂದು ಸಣ್ಣ ಭಾಗ ಸದಾ ಎಚ್ಚರವಾಗಿರುತ್ತದೆ, ಗೋಡೆಯ ಕರೆಂಟು ಒಳಗೆ ಬರುತ್ತಲೇ ಇರುತ್ತದೆ. ಸ್ವಿಚ್ ಆರಿಸಿದರೂ ಕಡಿಯುವುದು ಒಂದೇ ತಂತಿ. ಪ್ಲಗ್ ಕೀಳಿ, ನೆಟ್ ಕೇಬಲ್ ಕೀಳಿ. ಇದನ್ನು ಮೋಡ ಕಂಡಾಗಲೇ ಮಾಡಿ, ಸಿಡಿಲು ಶುರುವಾದ ಮೇಲೆ ತಂತಿ ಮುಟ್ಟಬೇಡಿ.
> ಅರ್ಥ್ ಇಲ್ಲದ ಸ್ಪೈಕ್ ಬಸ್ಟರ್ ಅರ್ಧ ಕಾವಲು ಮಾತ್ರ. ಅದರೊಳಗಿನ ವೇರಿಸ್ಟರ್ ಪ್ರತಿ ಹೊಡೆತಕ್ಕೂ ಸವೆಯುತ್ತದೆ. ರಕ್ಷಣೆಯ ದೀಪ ಆರಿದ್ದರೆ ಬದಲಿಸಿ.
> ನ್ಯೂಟ್ರಲ್ ಕಡಿತಕ್ಕೆ ಬೇಕಾದದ್ದು ಬೇರೆ: ಹೈ ವೋಲ್ಟೇಜ್ ಬಂದರೆ ತಾನೇ ಕಡಿಯುವ ಕಟ್-ಆಫ್ ಸಾಧನ.
> ಮುನ್ಸೂಚನೆಗೆ ರಾಜ್ಯದ ‘ಸಿಡಿಲು’, ಪುಣೆಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್‌ಗಳಿವೆ.
> ಹಾರ್ಡ್‌ಡಿಸ್ಕಿನಲ್ಲಿರುವುದರ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ.

ಆ ಮೂವರು ಹುಡುಗಿಯರು ಸಂಜೆ ಮತ್ತೆ ಬಂದಿದ್ದರು. ತಂಗಿ ಒಂದೊಂದೇ ಅರ್ಜಿ ತುಂಬಿದಳು. ಮೂರನೆಯವಳ ಫೋಟೊ ಅಪ್‌ಲೋಡ್ ಆಗುವ ಹೊತ್ತಿಗೆ ಪೂರ್ವದ ಮೋಡ ಮತ್ತೆ ಎದ್ದಿತ್ತು, ಮಿಂಚು ಇನ್ನೂ ಇರಲಿಲ್ಲ. ಸ್ವೀಕೃತಿಪತ್ರ ಪ್ರಿಂಟ್ ಆದದ್ದೇ ತಡ, ಅವಳು ಕಂಪ್ಯೂಟರು ಆರಿಸಿ, ಬಗ್ಗಿ ಪ್ಲಗ್ ಕಿತ್ತಳು. ನೆಟ್ ಕೇಬಲ್ ಕಿತ್ತು ಕಿಟಕಿಯ ಸರಳಿಗೆ ಸುತ್ತಿಟ್ಟಳು.

ಆಮೇಲೆ ಹಿತ್ತಲಿಗೆ ಹೋದಳು. ಮೂರು ದಿನಕ್ಕೊಮ್ಮೆ ನಲ್ಲಿ ಬರುವ ಊರು ಅದು. ಪಾತ್ರೆ ತೊಳೆದ ನೀರನ್ನು ಕೊಡದಲ್ಲಿ ಹಿಡಿದಿಟ್ಟಿದ್ದಳು. ಪೈಪಿನ ಸುತ್ತ ಹಿಡಿಯಷ್ಟು ಕಲ್ಲುಪ್ಪು ಹಾಕಿ, ಆ ನೀರನ್ನು ನಿಧಾನಕ್ಕೆ ಸುರಿದಳು. ಮಣ್ಣು ಬುಳುಬುಳು ಎಂದು ಕುಡಿಯಿತು. ಇನ್ನೂ ಬೇಕೇನೋ ಎಂದು ಒಂದು ಕ್ಷಣ ನಿಂತು ನೋಡಿ, ಇನ್ನೊಂದು ಕೊಡ ತರಲು ಒಳಗೆ ಹೋದಳು.